ಪ್ರಶ್ನೋತ್ತರ: ಪಾಲಿಯುರೆಥೇನಿನ ಗಡಸು ಖಂಡ

ಪಾಲಿಯುರೆಥೇನ್ ಎಂಬ ಒಂದೇ ಹೆಸರಿನಡಿ ಕಾಲುಚೀಲದ ಎಲಾಸ್ಟಿಕ್ ನೂಲು, ಮೊಬೈಲಿನ ಪಾರದರ್ಶಕ ಕವರು, ಗೋದಾಮಿನ ಟ್ರಾಲಿಯ ಗಾಲಿ, ಪೇಸ್‌ಮೇಕರಿನ ತಂತಿಯ ಹೊದಿಕೆ ಎಲ್ಲವೂ ಬರುತ್ತವೆ. ಇವುಗಳ ಬಗ್ಗೆ ಓದುಗರು ಬೇರೆ ಬೇರೆ ಊರುಗಳಿಂದ ಕಳುಹಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಕೊನೆಗೆ ಗಡಸು ಖಂಡದ ರಚನೆಗೇ ಬಂದು ನಿಲ್ಲುವುದರಿಂದ ಅವನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮಾನ್ಯರೇ, ಪಾಲಿಯುರೆಥೇನ್ ಸಹಪಾಲಿಮರುಗಳಲ್ಲಿ ಗಡಸು ಖಂಡ ಮತ್ತು ಮೃದು ಖಂಡ ಎಂಬ ಎರಡು ಭಾಗಗಳಿವೆ ಎಂದು ಪಾಠದಲ್ಲಿ ಓದಿದೆವು. ಒಂದೇ ಸರಪಳಿಯೊಳಗಿನ ಭಾಗಗಳು ಬೇರೆ ಬೇರೆಯಾಗುವುದು ಹೇಗೆ? ಗಡಸು ಖಂಡ ಹೆಚ್ಚಿದಷ್ಟೂ ವಸ್ತು ಗಟ್ಟಿಯಾಗುತ್ತದೆ ಎಂದಷ್ಟೇ ತಿಳಿದರೆ ಸಾಕೇ?
(ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ)

ಪಾಲಿಯುರೆಥೇನ್ ಸರಪಳಿಯನ್ನು ಮೂರು ಸಾಮಗ್ರಿಗಳಿಂದ ಕಟ್ಟುತ್ತಾರೆ. ಎರಡೂ ತುದಿಗಳಲ್ಲಿ ಹೈಡ್ರಾಕ್ಸಿಲ್ ಗುಂಪು ಹೊತ್ತ, ಅಣುತೂಕ ಸಾಮಾನ್ಯವಾಗಿ 1000ದಿಂದ 2000ದವರೆಗೆ ಇರುವ ಉದ್ದನೆಯ ಬಳುಕುವ ಪಾಲಿಯಾಲ್ ಮೊದಲನೆಯದು, ಡೈಐಸೋಸಯನೇಟ್ ಎರಡನೆಯದು, ಸರಪಳಿ ವಿಸ್ತಾರಕ ಎಂದು ಕರೆಯುವ, 1,4-ಬ್ಯುಟೇನ್‌ಡಯಾಲ್‌ನಂಥ ಪುಟ್ಟ ಅಣು ಮೂರನೆಯದು. ಪಾಲಿಯಾಲ್ ಇರುವ ಭಾಗವೇ ಮೃದು ಖಂಡ. ಡೈಐಸೋಸಯನೇಟ್ ಮತ್ತು ವಿಸ್ತಾರಕ ಒಂದರ ಬೆನ್ನಿಗೊಂದು ಸೇರಿ ಆದ ಭಾಗ ಗಡಸು ಖಂಡ. ಇವೆರಡರ ಸ್ವಭಾವ ಎಣ್ಣೆ-ನೀರಿನಂತೆ ಬೇರೆಯಾದ್ದರಿಂದ ಅವು ದೂರ ಸರಿಯಲು ನೋಡುತ್ತವೆ. ಆದರೆ ಒಂದೇ ಸರಪಳಿಯಲ್ಲಿ ಪೋಣಿಸಿರುವುದರಿಂದ ಹೆಚ್ಚು ದೂರ ಹೋಗಲಾರವು. ಹಾಗಾಗಿ ಅಕ್ಕಪಕ್ಕದ ಸರಪಳಿಗಳ ಗಡಸು ಖಂಡಗಳು ಒಂದೆಡೆ ಸೇರಿ, ಕೆಲವೇ ನ್ಯಾನೊಮೀಟರ್ ಗಾತ್ರದ ಗುಂಪುಗಳಾಗಿ ಮೃದು ಖಂಡದ ನಡುವೆ ಚದುರಿಕೊಂಡಿರುತ್ತವೆ. ಐಸೋಸಯನೇಟ್ ಮತ್ತು ಹೈಡ್ರಾಕ್ಸಿಲ್ ಕೂಡಿದಾಗ ಆಗುವ ಯುರೆಥೇನ್ ಗುಂಪಿನ ಎನ್‌ಎಚ್ ಭಾಗ ಪಕ್ಕದ ಸರಪಳಿಯ ಕಾರ್ಬೊನಿಲ್ ಜೊತೆ ಹೈಡ್ರೋಜನ್ ಬಂಧ ಮಾಡಿಕೊಂಡು ಈ ಗುಂಪನ್ನು ಬಿಗಿಯುತ್ತದೆ.

ದನವನ್ನು ಹಗ್ಗ ಹಾಕಿ ಗೂಟಕ್ಕೆ ಕಟ್ಟಿದ್ದನ್ನು ನೆನೆಸಿಕೊಳ್ಳಿ. ಮೃದು ಖಂಡ ಹಗ್ಗ, ಗಡಸು ಗುಂಪು ಗೂಟ. ಹಗ್ಗದ ಉದ್ದ ಇರುವಷ್ಟು ಓಡಾಟ, ಗೂಟ ಅಲುಗದಿರುವಷ್ಟು ಹಿಡಿತ. ರಬ್ಬರಿನಲ್ಲಿ ಈ ಗೂಟದ ಕೆಲಸವನ್ನು ಗಂಧಕದ ಅಡ್ಡಬಂಧಗಳು ಮಾಡುತ್ತವೆ, ಮತ್ತು ಒಮ್ಮೆ ಹಾಕಿದ ಆ ಬಂಧ ಮತ್ತೆ ಬಿಚ್ಚಿಕೊಳ್ಳುವುದಿಲ್ಲ; ಪಾಲಿಯುರೆಥೇನಿನ ಗೂಟವಾದರೋ ಕಾಯಿಸಿದರೆ ಕರಗಿ, ಆರಿದ ಮೇಲೆ ಮತ್ತೆ ಮೂಡುತ್ತದೆ. ಆಟೊ ಬಾಯರ್ ಅವರ ತಂಡ ಜರ್ಮನಿಯ ಲೆವರ್ಕೂಸೆನ್‌ನಲ್ಲಿ 1937ರಲ್ಲಿ ಪಾಲಿಯುರೆಥೇನ್ ರಸಾಯನವನ್ನು ಕಂಡುಕೊಂಡಿತು. 1958ರಲ್ಲಿ ಅಮೆರಿಕದ ಶೋಲೆನ್‌ಬರ್ಗರ್ ಮತ್ತು ಸಂಗಡಿಗರು, ಅಡ್ಡಬಂಧವೇ ಇಲ್ಲದೆ ಅಡ್ಡಬಂಧ ಇರುವಂತೆ ನಡೆದುಕೊಳ್ಳುವ ಪಾಲಿಯುರೆಥೇನನ್ನು ವರ್ಣಿಸಿದರು. ಹಾಗೆ ನಡೆದುಕೊಳ್ಳುವುದಕ್ಕೆ ಕಾರಣ ಎರಡು ಖಂಡಗಳ ಸೂಕ್ಷ್ಮ ಬೇರ್ಪಡಿಕೆ ಎಂದು ಕೂಪರ್ ಮತ್ತು ಟೊಬೋಲ್ಸ್ಕಿ 1966ರಲ್ಲಿ ಹೇಳಿದರು.

ಹಳೆಯ ಕಾಲುಚೀಲದ ಮೇಲಂಚನ್ನು ಬಿಚ್ಚಿದರೆ ಬಣ್ಣದ ನೂಲು ಸುತ್ತಿದ, ಅರೆಪಾರದರ್ಶಕವಾದ ಒಂದು ಎಳೆ ಸಿಗುತ್ತದೆ. ಸುತ್ತನ್ನು ಉಗುರಿನಿಂದ ಸರಿಸಿ ಆ ಎಳೆಯನ್ನಷ್ಟೇ ಎಳೆಯಿರಿ. ಅದು ತನ್ನ ಉದ್ದದ ಐದಾರು ಪಟ್ಟು ಚಾಚಿ, ಬಿಟ್ಟರೆ ಹಿಂದಿರುಗುತ್ತದೆ. ಅದು ಸ್ಪ್ಯಾಂಡೆಕ್ಸ್. ಡ್ಯುಪಾಂಟ್ ಕಂಪನಿಯಲ್ಲಿ ಜೋಸೆಫ್ ಶೈವರ್ಸ್ 1958ರಲ್ಲಿ ರೂಪಿಸಿದ ಈ ನೂಲಿನ ಗಡಸು ಖಂಡದಲ್ಲಿ ಡಯಾಲ್ ಬದಲು ಡೈಅಮೀನ್ ಇರುವುದರಿಂದ, ಯುರೆಥೇನ್‌ಗಿಂತ ಬಲವಾಗಿ ಹೆಣೆದುಕೊಳ್ಳುವ ಯೂರಿಯಾ ಬಂಧಗಳು ಅದರಲ್ಲಿವೆ. ಅದರ ಗೂಟಗಳು ಎಷ್ಟು ಗಟ್ಟಿಯೆಂದರೆ, ಅವು ಕರಗುವ ಮೊದಲೇ ಅಣು ಒಡೆಯಲು ಶುರುವಾಗುತ್ತದೆ. ಆದ್ದರಿಂದಲೇ ಆ ನೂಲನ್ನು ಕರಗಿಸಿ ತೆಗೆಯುವ ಬದಲು ಸಾಮಾನ್ಯವಾಗಿ ದ್ರಾವಣದಿಂದ ಎಳೆಯುತ್ತಾರೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಪ್ರಮಾಣ ಮುಖ್ಯ ಹೌದು, ಆದರೆ ಅದೊಂದನ್ನೇ ನೋಡಿದರೆ ಎಡವುತ್ತೇವೆ. ಒಂದು ಲೆಕ್ಕ ಮಾಡೋಣ. ಎಂಡಿಐ ಎಂಬ ಡೈಐಸೋಸಯನೇಟಿನ ಅಣುತೂಕ ಸುಮಾರು 250, ಬ್ಯುಟೇನ್‌ಡಯಾಲಿನದು 90. ಅಣುತೂಕ 1000 ಇರುವ ಪಾಲಿಯಾಲ್ ಒಂದಕ್ಕೆ ಎರಡು ಎಂಡಿಐ, ಒಂದು ಬ್ಯುಟೇನ್‌ಡಯಾಲ್ ಸೇರಿಸಿದರೆ ಗಡಸು ಭಾಗ 590, ಅಂದರೆ ಒಟ್ಟು ತೂಕದ ಶೇ. 37. ಅಣುತೂಕ 2000 ಇರುವ ಪಾಲಿಯಾಲ್ ಒಂದಕ್ಕೆ ನಾಲ್ಕು ಎಂಡಿಐ, ಮೂರು ಬ್ಯುಟೇನ್‌ಡಯಾಲ್ ಸೇರಿಸಿದರೆ ಗಡಸು ಭಾಗ 1270, ಅಂದರೆ ಶೇ. 39. ಕಾಗದದ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯದರಲ್ಲಿ ಗಡಸು ಖಂಡವೊಂದರಲ್ಲಿ ಸರಾಸರಿ ಎರಡೇ ಎಂಡಿಐ, ಎರಡನೆಯದರಲ್ಲಿ ನಾಲ್ಕು. ಉದ್ದ ಹೆಚ್ಚಿದಂತೆ ಖಂಡಗಳು ಸ್ಪಷ್ಟವಾಗಿ ಬೇರ್ಪಟ್ಟು ಗೂಟಗಳು ಹೆಚ್ಚಿನ ಶಾಖವನ್ನು ತಡೆಯುತ್ತವೆ. ಹಗ್ಗವೂ ಉದ್ದವಾದ್ದರಿಂದ ವಸ್ತು ಚಳಿಯಲ್ಲಿಯೂ ಬಳುಕುತ್ತದೆ.

ಸರಾಸರಿ ಎಂಬ ಮಾತಿನಲ್ಲಿಯೂ ಒಂದು ಬಲೆ ಇದೆ. ಮೊದಲ ಪಾಕದಲ್ಲಿ ಎಲ್ಲವನ್ನೂ ಒಂದೇ ಸಲ ಬೆರೆಸಿದರೆ, ಪ್ರತಿ ಎಂಡಿಐ ತುದಿಗೂ ಪಾಲಿಯಾಲ್ ಸಿಗುವ ಸಂಭವ ಮತ್ತು ಬ್ಯುಟೇನ್‌ಡಯಾಲ್ ಸಿಗುವ ಸಂಭವ ಸಮ. ಹಾಗಾಗಿ ಗಡಸು ಖಂಡಗಳಲ್ಲಿ ಅರ್ಧದಷ್ಟರಲ್ಲಿ ಒಂದೇ ಒಂದು ಎಂಡಿಐ ಇರುತ್ತದೆ, ಕಾಲು ಭಾಗದಲ್ಲಿ ಎರಡು, ಎಂಟನೇ ಒಂದು ಭಾಗದಲ್ಲಿ ಮೂರು, ಹೀಗೆ ಮುಂದುವರಿಯುತ್ತದೆ. ಒಂಟಿ ಎಂಡಿಐ ಇರುವ ತುಂಡುಗಳಲ್ಲಿ ಬಹುಪಾಲು ಗೂಟವಾಗುವ ಬದಲು ಮೃದು ಭಾಗದಲ್ಲಿಯೇ ಕರಗಿ, ಅದನ್ನು ಬಿರುಸಾಗಿಸುತ್ತವೆ. ಗಡಸು ವಸ್ತುವಿಗೆ ನಾವು ತೆತ್ತ ಬೆಲೆಯಲ್ಲಿ ಒಂದು ಪಾಲು ಹೀಗೆ ಪ್ರಯೋಜನವಿಲ್ಲದೆ ಹೋಗುತ್ತದೆ.

ಪ್ರಶ್ನೆ: ಮೊಬೈಲಿಗೆ ಕೊಂಡ ಪಾರದರ್ಶಕ ಕವರು ಒಂದು ವರ್ಷದೊಳಗೆ ಹಳದಿಯಾಯಿತು. ಸೋಪು, ಅಡುಗೆ ಸೋಡಾ ಎಲ್ಲ ಹಾಕಿ ತಿಕ್ಕಿದರೂ ಹೋಗಲಿಲ್ಲ. ಇದು ಕೊಳೆಯೇ?
(ಗೃಹಿಣಿ, ಶಿವಮೊಗ್ಗ)

ಕೊಳೆಯಲ್ಲ, ಆದ್ದರಿಂದ ತಿಕ್ಕಿ ತೆಗೆಯಲು ಬರುವುದಿಲ್ಲ. ಮೆತ್ತಗಿನ ಪಾರದರ್ಶಕ ಕವರುಗಳಲ್ಲಿ ಹೆಚ್ಚಿನವು ಟಿಪಿಯು, ಅಂದರೆ ಕರಗಿಸಿ ಅಚ್ಚಿಗೆ ಹಾಕಬಹುದಾದ ಪಾಲಿಯುರೆಥೇನ್. ಮತ್ತು ಅವುಗಳ ಗಡಸು ಖಂಡದಲ್ಲಿ ಸಾಮಾನ್ಯವಾಗಿ ಇರುವುದು ಎಂಡಿಐ. ಎಂಡಿಐ ಅಣುವೆಂದರೆ ಎರಡು ಬೆಂಜೀನ್ ಉಂಗುರಗಳು, ನಡುವೆ ಅವನ್ನು ಜೋಡಿಸುವ ಒಂದು ಮೆಥಿಲೀನ್ ಕೊಂಡಿ. ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಆ ಕೊಂಡಿಯ ಹೈಡ್ರೋಜನ್‌ಗಳನ್ನು ಕಿತ್ತಾಗ ಉಂಗುರಗಳು ಕ್ವಿನೋನ್ ಬಗೆಯ ರಚನೆಗೆ ತಿರುಗುತ್ತವೆ, ಮತ್ತು ಆ ರಚನೆಯ ಬಣ್ಣವೇ ಹಳದಿ. ಹೊಸ ಕವರು ಅಂಗಡಿಯಲ್ಲಿ ತುಸು ನೀಲಿ ಛಾಯೆಯಲ್ಲಿ ಕಾಣುವುದನ್ನು ನೀವು ಗಮನಿಸಿರಬಹುದು. ಮುಂದೆ ಬರುವ ಹಳದಿಯನ್ನು ಮರೆಮಾಡಲು ಬೆರೆಸಿದ ಬಣ್ಣ ಅದು.

ಬೆಂಜೀನ್ ಉಂಗುರವಿಲ್ಲದ ಡೈಐಸೋಸಯನೇಟ್ ಬಳಸಿದರೆ ಈ ಹಳದಿ ಬರುವುದಿಲ್ಲ. ಕಾರಿನ ಬಣ್ಣ ಕಾಪಾಡಲು ಅಂಟಿಸುವ ಪಾರದರ್ಶಕ ಹಾಳೆಗೆ ಅಂಥ ಪಾಲಿಯುರೆಥೇನನ್ನೇ ಬಳಸುತ್ತಾರೆ. ಬೆಲೆ ಹೆಚ್ಚು, ಅಷ್ಟೇ ಅಲ್ಲ, ರಚನೆಯಲ್ಲಿಯೂ ಒಂದು ತೊಡಕಿದೆ. ಎಂಡಿಐನ ಉಂಗುರಗಳಿಗೆ ಹೈಡ್ರೋಜನ್ ತುಂಬಿಸಿ ಮಾಡಿದ ಡೈಐಸೋಸಯನೇಟಿನಲ್ಲಿ ನೇರ ಅಣುಗಳ ಜೊತೆ ಬಾಗಿದ ಅಣುಗಳೂ ಬೆರೆತಿರುತ್ತವೆ. ಅಂಗಡಿಯಲ್ಲಿ ಸಿಗುವ ದ್ರವರೂಪದ ಮಾಲಿನಲ್ಲಿ ನೇರವಾದವು ಸುಮಾರು ಐದರಲ್ಲಿ ಒಂದು ಮಾತ್ರ. ಡೊಂಕು ಕಟ್ಟಿಗೆಗಳನ್ನು ಒಟ್ಟಿದರೆ ಸೌದೆಯ ರಾಶಿ ಹೇಗೆ ಸಡಿಲವಾಗಿ ಕೂರುತ್ತದೆಯೋ ಹಾಗೆಯೇ ಇಲ್ಲಿಯೂ ಗಡಸು ಖಂಡಗಳು ಒತ್ತಾಗಿ ಕೂರುವುದಿಲ್ಲ. ಪಾರದರ್ಶಕತೆಗೆ ಇದರಿಂದ ಅನುಕೂಲವೇ. ಶಾಖ ತಡೆಯುವ ಶಕ್ತಿಗೆ ಮಾತ್ರ ಹಿನ್ನಡೆ.

ಪ್ರಶ್ನೆ: ನಮ್ಮದು ಪಾಲಿಯುರೆಥೇನ್ ರೋಲರ್ ಮತ್ತು ಗಾಲಿಗಳನ್ನು ಎರಕ ಹೊಯ್ಯುವ ಸಣ್ಣ ಘಟಕ. ಎರಡು ಬೇರೆ ಬೇರೆ ರೆಸಿನ್‌ಗಳಿಂದ ಮಾಡಿದ ಗಾಲಿಗಳು ಮೀಟರಿನಲ್ಲಿ 90 ಶೋರ್ ಎ ಎಂದೇ ತೋರಿಸುತ್ತವೆ. ಆದರೆ ಓಡುವ ಟ್ರಾಲಿಗೆ ಹಾಕಿದಾಗ ಒಂದು ವರ್ಷಗಟ್ಟಲೆ ಬಾಳುತ್ತದೆ, ಇನ್ನೊಂದು ಒಳಗಿನಿಂದ ಕಾದು ಕಬ್ಬಿಣದ ತಿರುಳಿನಿಂದ ಬಿಟ್ಟುಕೊಳ್ಳುತ್ತದೆ. ಗಡಸುತನ ಒಂದೇ ಇರುವಾಗ ಹೀಗೇಕೆ?
(ಪೀಣ್ಯ, ಬೆಂಗಳೂರು)

ಬಹಳ ಒಳ್ಳೆಯ ಪ್ರಶ್ನೆ, ಮತ್ತು ಕೈಯಾರೆ ಕೆಲಸ ಮಾಡುವವರಿಗೆ ಮಾತ್ರ ಹೊಳೆಯುವಂಥದ್ದು. ಶೋರ್ ಮೀಟರಿನ ಮೊನೆ ಅಳೆಯುವುದು ತಣ್ಣಗಿರುವ ಗಾಲಿಯ ಮೇಲ್ಮೈಯನ್ನು ನಿಧಾನವಾಗಿ ಒತ್ತಿದಾಗ ಎಷ್ಟು ತಗ್ಗುತ್ತದೆ ಎಂಬುದನ್ನು. ಓಡುವ ಗಾಲಿಯಾದರೋ ಪ್ರತಿ ಸುತ್ತಿನಲ್ಲಿ ಒಮ್ಮೆ ಅಮುಕಿಸಿಕೊಂಡು ಒಮ್ಮೆ ಚೇತರಿಸಿಕೊಳ್ಳುತ್ತದೆ. ಅಮುಕಲು ಹಾಕಿದ ಶಕ್ತಿಯಲ್ಲಿ ಹಿಂದಿರುಗದೆ ಉಳಿದ ಪಾಲು ಶಾಖವಾಗುತ್ತದೆ, ಮತ್ತು ಪಾಲಿಯುರೆಥೇನ್ ಶಾಖವನ್ನು ಹೊರಗೆ ಸಾಗಿಸುವುದರಲ್ಲಿ ಬಹಳ ಮಂದ. ಆದ್ದರಿಂದಲೇ ಒಡೆದ ಗಾಲಿಯನ್ನು ಕೊಯ್ದು ನೋಡಿದರೆ ಹೊರಮೈ ಚೆನ್ನಾಗಿದ್ದು ಒಳಭಾಗ ಮಾತ್ರ ಕರಗಿ ಅಂಟಂಟಾಗಿರುತ್ತದೆ.

ಗಡಸು ಮತ್ತು ಮೃದು ಖಂಡಗಳು ಸರಿಯಾಗಿ ಬೇರ್ಪಡದೆ ಬೆರೆತುಕೊಂಡಿದ್ದರೆ ಈ ಒಳಗಿನ ಘರ್ಷಣೆ ಹೆಚ್ಚು. ಬೇರ್ಪಡಿಕೆಯನ್ನು ನಿರ್ಧರಿಸುವುದರಲ್ಲಿ ಡೈಐಸೋಸಯನೇಟಿನ ಆಕಾರಕ್ಕೆ ದೊಡ್ಡ ಪಾತ್ರವಿದೆ. ಎರಕದ ರೆಸಿನ್‌ಗಳಲ್ಲಿ ಬಳಸುವ ಟಿಡಿಐ ಎಂಬ ಡೈಐಸೋಸಯನೇಟ್ ಸಾಮಾನ್ಯವಾಗಿ 2,4 ಮತ್ತು 2,6 ಎಂಬ ಎರಡು ಬಗೆಗಳ 80:20 ಮಿಶ್ರಣ. 2,4 ಬಗೆಯ ಎರಡು ತುದಿಗಳು ಸಮವಲ್ಲ. ಸರಪಳಿಯಲ್ಲಿ ಕೆಲವೆಡೆ ಹೀಗೆ, ಕೆಲವೆಡೆ ಹಾಗೆ ತಿರುಗಿ ಕೂತು ಕ್ರಮ ಕೆಡಿಸುತ್ತದೆ. ಅದಕ್ಕೆ ಡಯಾಲ್ ಸೇರಿಸಿದರೆ ಒಳ್ಳೆಯ ಗೂಟ ಏಳುವುದಿಲ್ಲ. ಆದ್ದರಿಂದ ಟಿಡಿಐ ರೆಸಿನ್ನಿಗೆ ಡೈಅಮೀನ್ ಹಾಕಿ, ಯೂರಿಯಾ ಬಂಧದ ಬಲದಿಂದ ಆ ಕೊರತೆಯನ್ನು ತುಂಬಿಕೊಳ್ಳುತ್ತಾರೆ. ಎಂಡಿಐ ಸಮಮಿತಿಯುಳ್ಳ ಅಣುವಾದ್ದರಿಂದ ಬ್ಯುಟೇನ್‌ಡಯಾಲ್ ಸಾಕು. ಡೈಅಮೀನ್ ಹಾಕಿದರೆ ಅಚ್ಚಿಗೆ ಸುರಿಯುವಷ್ಟರಲ್ಲಿಯೇ ಹೆಪ್ಪುಗಟ್ಟಿಬಿಡುತ್ತದೆ. ಇನ್ನೂ ನೇರ, ಇನ್ನೂ ಒತ್ತಾಗಿ ಕೂರುವ ಪ್ಯಾರಾ-ಫೆನಿಲೀನ್ ಡೈಐಸೋಸಯನೇಟ್ ಮತ್ತು ನ್ಯಾಫ್ತಲೀನ್ ಡೈಐಸೋಸಯನೇಟ್‌ಗಳಿಂದ ಮಾಡಿದ ಗಾಲಿಗಳು ಸತತ ಓಟದಲ್ಲಿಯೂ ಕಡಿಮೆ ಕಾಯುತ್ತವೆ, ಕಾದರೂ ಬಿಗಿ ಕಳೆದುಕೊಳ್ಳುವುದು ತಡ. ಅವುಗಳ ಬೆಲೆ ಮಾತ್ರ ಸಣ್ಣ ಘಟಕಗಳಿಗೆ ಭಾರವೇ ಸರಿ.

ಆದರೆ ದುಬಾರಿ ರೆಸಿನ್ನಿಗೆ ಹೋಗುವ ಮೊದಲು ನಿಮ್ಮ ಕೈಯಲ್ಲಿಯೇ ಇರುವ ಮೂರು ಸಂಗತಿಗಳನ್ನು ನೋಡಿಕೊಳ್ಳಿ ಎಂದು ಕಳಕಳಿಯಿಂದ ಹೇಳುತ್ತೇನೆ. ಬೆರೆಸುವಿಕೆ ಮೊದಲನೆಯದು. ಒಮ್ಮೆ ಪರಿಚಿತರೊಬ್ಬರ ಘಟಕದಲ್ಲಿ ಬಿರಿದ ಗಾಲಿಯನ್ನು ಗರಗಸದಿಂದ ಸೀಳಿದಾಗ, ಜೇನುಬಣ್ಣದ ಮೈಯೊಳಗೆ ಬಿಳಿ ನೂಲಿನಂಥ ಗೆರೆಗಳು ಓಡಿದ್ದವು. ಬಿರುಕು ಹೊರಟದ್ದು ಆ ಗೆರೆಯೊಂದರ ಅಂಚಿನಿಂದಲೇ. ಸಾಮಗ್ರಿ ತಣ್ಣಗಿದ್ದು ಸರಿಯಾಗಿ ಬೆರೆಯದಿದ್ದರೆ ಗಡಸು ಖಂಡ ಒಂದೆಡೆ ಅತಿಯಾಗಿ, ಇನ್ನೊಂದೆಡೆ ಕಡಿಮೆಯಾಗಿ ಬೆಳೆದು ಹೀಗಾಗುತ್ತದೆ. ಎರಡನೆಯದು ಅಳತೆ. ಐಸೋಸಯನೇಟಿಗೆ ಸಮವಾಗಿ ನೂರಕ್ಕೆ ನೂರು ವಿಸ್ತಾರಕ ಹಾಕುವ ಬದಲು ಸುಮಾರು 95 ಹಾಕುವ ರೂಢಿ ಇದೆ; ಉಳಿದ ಐಸೋಸಯನೇಟ್ ಕೆಲವು ನಿಜವಾದ ಅಡ್ಡಬಂಧಗಳನ್ನು ಹಾಕಿ, ಅಮುಕಿದ ಗಾಲಿ ಚಪ್ಪಟೆಯಾಗಿಯೇ ಉಳಿಯದಂತೆ ನೋಡಿಕೊಳ್ಳುತ್ತದೆ. ವಿಸ್ತಾರಕ ನೂರನ್ನು ಮೀರಿದರೆ ಸರಪಳಿಗಳು ಗಿಡ್ಡವಾಗಿ ಹಲವು ಗುಣಗಳು ಇಳಿಯುತ್ತವೆ. ಮೂರನೆಯದು ಒಲೆಯ ಸಮಯ. ಅಚ್ಚಿನಿಂದ ಬಿಡಿಸಿದ ಗಾಲಿಯನ್ನು 100 ಡಿಗ್ರಿಯ ಆಸುಪಾಸಿನಲ್ಲಿ ಸುಮಾರು 16 ಗಂಟೆ ಇಡುವುದು ಬರಿಯ ಶಾಸ್ತ್ರವಲ್ಲ. ಗಡಸು ಖಂಡಗಳು ಒಂದನ್ನೊಂದು ಹುಡುಕಿ ಸಾಲುಗೂಡುವುದು ಆ ಹೊತ್ತಿನಲ್ಲಿಯೇ. ಆರ್ಡರಿನ ಅವಸರಕ್ಕೆ ಅದನ್ನು ನಾಲ್ಕು ಗಂಟೆಗೆ ಇಳಿಸಿದರೆ ಶೋರ್ ಮೀಟರು ಸುಮ್ಮನಿದ್ದರೂ ಗಾಲಿ ಸುಮ್ಮನಿರುವುದಿಲ್ಲ.

ಮಳೆಗಾಲದಲ್ಲಿ ಪಾಲಿಯಾಲಿನ ತೇವವನ್ನು ನಿರ್ವಾತದಲ್ಲಿ ತೆಗೆಯದಿದ್ದರೆ ನೀರು ಐಸೋಸಯನೇಟಿನೊಡನೆ ಸೇರಿ ಇಂಗಾಲದ ಡೈಆಕ್ಸೈಡಿನ ಗುಳ್ಳೆ ಬಿಡುತ್ತದೆ ಎಂಬುದು ನಿಮಗೆ ತಿಳಿದೇ ಇರುತ್ತದೆ. ತಿಳಿದಿದ್ದರೂ ಹಲವರು ಕಡೆಗಣಿಸುವ ಇನ್ನೊಂದು ಮಾತು: ಟಿಡಿಐ ಜೊತೆ ಬಳಸುವ ಮೋಕಾ ಎಂಬ ಡೈಅಮೀನನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇರಿಸಿದೆ. ಅದು ಚರ್ಮದ ಮೂಲಕವೂ ಮೈ ಸೇರುತ್ತದೆ. ನಿಮ್ಮ ಹುಡುಗರು ಕೈಗವಸು ಹಾಕದೆ ಅದನ್ನು ಮುಟ್ಟದಿರಲಿ. ಐಸೋಸಯನೇಟಿನ ಆವಿಯನ್ನು ಎಳೆದುಹಾಕುವ ಫ್ಯಾನು ಇರಲೇಬೇಕು.

ಪ್ರಶ್ನೆ: ಎರಡು ವರ್ಷ ಡಬ್ಬಿಯಲ್ಲಿಯೇ ಇಟ್ಟಿದ್ದ ಬೂಟನ್ನು ಮದುವೆಗೆ ಹಾಕಿಕೊಂಡು ಹೊರಟರೆ ಅಟ್ಟೆ ಪುಡಿಪುಡಿಯಾಗಿ ಉದುರಿತು. ಬಳಸದೆ ಹಾಳಾಗುವುದೆಂದರೇನು?
(ಮಂಗಳೂರು)

ಇದರಲ್ಲಿ ಗಡಸು ಖಂಡದ ತಪ್ಪಿಲ್ಲ. ಹಗುರವಾದ ಅಟ್ಟೆಗಳಲ್ಲಿ ಮೃದು ಖಂಡ ಹಲವು ಬಾರಿ ಪಾಲಿಎಸ್ಟರ್ ಆಗಿರುತ್ತದೆ, ಮತ್ತು ಎಸ್ಟರ್ ಬಂಧವನ್ನು ಗಾಳಿಯ ತೇವ ನಿಧಾನವಾಗಿ ಕತ್ತರಿಸುತ್ತದೆ. ಕತ್ತರಿಸಿದಾಗ ಹುಟ್ಟುವ ಆಮ್ಲ ಉಳಿದ ಬಂಧಗಳ ಒಡೆತವನ್ನು ಇನ್ನಷ್ಟು ವೇಗಗೊಳಿಸುತ್ತದೆ. ಗೂಟಗಳು ನೆಟ್ಟಗಿದ್ದರೂ ಹಗ್ಗವೇ ಶಿಥಿಲವಾದರೆ ಏನೂ ಉಳಿಯುವುದಿಲ್ಲ. ಕರಾವಳಿಯ ಹವೆಯಲ್ಲಿ ಮುಚ್ಚಿದ ಡಬ್ಬಿಗಿಂತ ಗಾಳಿಯಾಡುವ ಒಣ ಜಾಗ ಒಳ್ಳೆಯದು.

ಪ್ರಶ್ನೆ: ನಾನು ಪಾಲಿಯುರೆಥೇನ್ ಕುರಿತು ಸಂಶೋಧನೆ ಮಾಡುತ್ತಿದ್ದೇನೆ. ಗಡಸು ಖಂಡದ ಗುಣವೆಲ್ಲ ಹೈಡ್ರೋಜನ್ ಬಂಧದಿಂದಲೇ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಇದು ಎಷ್ಟು ಸರಿ? ವಿಸ್ತಾರಕವನ್ನು ಬದಲಿಸಿದಾಗ ಏನನ್ನು ಗಮನಿಸಬೇಕು?
(ಮೈಸೂರು)

ಹೈಡ್ರೋಜನ್ ಬಂಧ ಬಲ ಕೊಡುತ್ತದೆ, ಆದರೆ ಎಲ್ಲವೂ ಅದರಿಂದಲೇ ಎಂಬುದನ್ನು ನಾನು ಒಪ್ಪಲಾರೆ. 1969ರಲ್ಲಿ ಹ್ಯಾರೆಲ್ ಪ್ರಕಟಿಸಿದ ಪ್ರಯೋಗವನ್ನು ನೋಡಿ. ಅವರು ಪೈಪೆರಜೀನ್ ಬಳಸಿ ಗಡಸು ಖಂಡಗಳನ್ನು ಕಟ್ಟಿದರು. ಆ ಯುರೆಥೇನಿನ ನೈಟ್ರೋಜನ್ ಮೇಲೆ ಹೈಡ್ರೋಜನ್ ಇಲ್ಲವೇ ಇಲ್ಲ, ಆದ್ದರಿಂದ ಹೈಡ್ರೋಜನ್ ಬಂಧದ ಮಾತೇ ಇಲ್ಲ. ಆದರೂ ಒಳ್ಳೆಯ ಎಲಾಸ್ಟೊಮರ್ ಸಿಕ್ಕಿತು. ಅಷ್ಟೇ ಅಲ್ಲ, ಎಲ್ಲ ಗಡಸು ಖಂಡಗಳೂ ಒಂದೇ ಉದ್ದ ಇರುವಂತೆ ಮಾಡಿದಾಗ, ಉದ್ದ ಹೆಚ್ಚುಕಡಿಮೆ ಇರುವ ಮಾದರಿಗಿಂತ ಕರಗುವ ತಾಪವೂ ಬಿಗಿತವೂ ಏರಿದವು.

ನನಗೆ ಇನ್ನೂ ಬೆರಗು ತರುವ ಉದಾಹರಣೆ ಯಿಲ್ಗೋರ್, ವಿಲ್ಕ್ಸ್ ಮತ್ತು ಸಂಗಡಿಗರದು. ವಿಸ್ತಾರಕವನ್ನೇ ಹಾಕದೆ, ಅಣುತೂಕ 1000 ಇರುವ ಪಾಲಿಈಥರ್ ಜೊತೆ ಪ್ಯಾರಾ-ಫೆನಿಲೀನ್ ಡೈಐಸೋಸಯನೇಟನ್ನು ಮಾತ್ರ ಸೇರಿಸಿದರು. ಗಡಸು ಖಂಡವೆಂದರೆ ಒಂದೇ ಒಂದು ಅಣು, ತೂಕದಲ್ಲಿ ಶೇ. 14ರಷ್ಟು. ಆದರೂ ಅವು ನಾರಿನಂತೆ ಉದ್ದುದ್ದ ಸಾಲುಗಟ್ಟಿ ವಸ್ತುವನ್ನು ಹಿಡಿದು ನಿಲ್ಲಿಸಿದವು. ಅದೇ ಅಣುವಿನ ಎರಡು ತುದಿಗಳನ್ನು ಉಂಗುರದ ಎದುರುಬದುರು ಸ್ಥಾನದಿಂದ ಮೆಟಾ ಸ್ಥಾನಕ್ಕೆ ಸರಿಸಿದಾಗ ಆ ಹಿಡಿತ ಉಳಿಯಲಿಲ್ಲ. ಪರಮಾಣುಗಳ ಲೆಕ್ಕ ಎರಡರಲ್ಲಿಯೂ ಒಂದೇ, ಯುರೆಥೇನ್ ಗುಂಪುಗಳ ಸಂಖ್ಯೆಯೂ ಒಂದೇ. ಬದಲಾದದ್ದು ಒಂದು ಬಾಗು. ಬಾಗಿದ ಅಣು ಸಾಲಿನಲ್ಲಿ ಕೂರಲು ಆಗದಿದ್ದರೆ ಹೈಡ್ರೋಜನ್ ಬಂಧಕ್ಕೆ ಕೈಚಾಚುವ ಅವಕಾಶವೇ ಸಿಗುವುದಿಲ್ಲ.

ವಿಸ್ತಾರಕದಲ್ಲಿ ಇಂಗಾಲಗಳ ಸಂಖ್ಯೆ ಸಮವೋ ಬೆಸವೋ ಎಂಬುದನ್ನು ಗಮನಿಸಿ. ನಾಲ್ಕು ಅಥವಾ ಆರು ಇಂಗಾಲದ ಡಯಾಲ್ ಎಂಡಿಐ ಜೊತೆ ಪೂರ್ತಿ ಚಾಚಿಕೊಂಡ ಭಂಗಿಯಲ್ಲಿ ಕೂತು ಎರಡೂ ಬದಿಗೆ ಹೈಡ್ರೋಜನ್ ಬಂಧ ಮಾಡಬಲ್ಲದು; ಮೂರು ಅಥವಾ ಐದು ಇಂಗಾಲವಿದ್ದರೆ ಅದಕ್ಕಾಗಿ ಸರಪಳಿ ತಿರುಚಿಕೊಳ್ಳಬೇಕಾಗಿ ಬಂದು ಸ್ಫಟಿಕತೆ ಇಳಿಯುತ್ತದೆ. ಬ್ಯುಟೇನ್‌ಡಯಾಲ್ ಉದ್ಯಮದ ರೂಢಿಯಾಗಿ ಉಳಿದಿರುವುದಕ್ಕೆ ಇದೂ ಒಂದು ಕಾರಣ.

ಅವಕೆಂಪು ರೋಹಿತದಲ್ಲಿ ಕಾರ್ಬೊನಿಲ್ ಪಟ್ಟಿ ಪ್ರತಿ ಸೆಂಟಿಮೀಟರಿಗೆ 1730 ಅಲೆಗಳ ಸುತ್ತ ಇದ್ದರೆ ಬಂಧವಿಲ್ಲದ್ದು, 1700ರ ಸುತ್ತ ಇದ್ದರೆ ಬಂಧವಿರುವುದು, ಕ್ರಮವಾಗಿ ಹೆಣೆದ ಯೂರಿಯಾ ಆದರೆ 1640ರ ಸುತ್ತ ಎಂದು ಓದಿರುತ್ತೀರಿ. ಮೃದು ಖಂಡ ಪಾಲಿಎಸ್ಟರ್ ಆಗಿದ್ದರೆ ಅದರ ಸ್ವಂತ ಪಟ್ಟಿಯೂ 1730ರ ಮೇಲೆಯೇ ಬಂದು ಕೂರುವುದರಿಂದ ಲೆಕ್ಕ ತಪ್ಪುತ್ತದೆ. ಈ ಅಳತೆಗೆ ಪಾಲಿಈಥರ್ ಮಾದರಿಯನ್ನೇ ಆರಿಸಿಕೊಳ್ಳಿ. ಕಾಯಿಸುವಾಗ ಮಾದರಿ ಹೀರುವ ಶಾಖವನ್ನು ತೋರಿಸುವ ಡಿಎಸ್‌ಸಿ ರೇಖೆಯಲ್ಲಿ ಎರಡು ಮೂರು ತಗ್ಗು ಕಂಡರೆ ಎರಡು ಮೂರು ವಸ್ತುಗಳಿವೆ ಎಂದು ತಕ್ಷಣ ಬರೆದುಬಿಡಬೇಡಿ. ಮಾದರಿಯನ್ನು ಯಾವ ತಾಪದಲ್ಲಿ ಇಟ್ಟಿದ್ದಿರೋ ಅದಕ್ಕಿಂತ 20ರಿಂದ 50 ಡಿಗ್ರಿ ಮೇಲೆ ಕಾಣುವ ತಗ್ಗು, ಆ ಮಾದರಿ ಹಾದುಬಂದ ಶಾಖದ ಚರಿತ್ರೆಯನ್ನಷ್ಟೇ ಹೇಳುತ್ತಿರುತ್ತದೆ.

ಪ್ರಶ್ನೆ: ನನ್ನ ತಂದೆಗೆ ಪೇಸ್‌ಮೇಕರ್ ಹಾಕಿದ್ದಾರೆ. ಅದರ ತಂತಿಗೆ ಪಾಲಿಯುರೆಥೇನ್ ಹೊದಿಕೆ ಇದೆಯೆಂದು ಕೇಳಿದೆ. ಹಿಂದೆ ಇಂಥ ಹೊದಿಕೆಗಳು ದೇಹದೊಳಗೆ ಬಿರಿದಿದ್ದವು ಎಂದು ಎಲ್ಲೋ ಓದಿ ಗಾಬರಿಯಾಗಿದೆ.
(ಹುಬ್ಬಳ್ಳಿ)

ನೀವು ಓದಿದ್ದು ನಿಜ, ಆದರೆ ಅದು ಹಳೆಯ ಕಥೆ. 1980ರ ದಶಕದಲ್ಲಿ, 80 ಶೋರ್ ಎ ಗಡಸುತನದ ಪಾಲಿಈಥರ್ ಪಾಲಿಯುರೆಥೇನ್ ಹೊದಿಕೆಯುಳ್ಳ ಕೆಲವು ತಂತಿಗಳಲ್ಲಿ ಬಿರುಕು ಕಂಡಿತು. ದೇಹದ ರಕ್ಷಣಾ ಕಣಗಳು ಬಿಡುಗಡೆ ಮಾಡುವ ಉತ್ಕರ್ಷಕಗಳು ಮೃದು ಖಂಡದ ಈಥರ್ ಆಮ್ಲಜನಕದ ಪಕ್ಕದ ಇಂಗಾಲವನ್ನು ಹಿಡಿಯುತ್ತವೆ. ತಯಾರಿಕೆಯಲ್ಲಿ ಉಳಿದ ಎಳೆತದ ಬಿಗುವು ಆ ಗಾಯವನ್ನು ಬಿರುಕಾಗಿ ತೆರೆಯುತ್ತದೆ. ಒಳಗಿನ ಲೋಹದ ತಂತಿಯಿಂದ ಬಿಡುಗಡೆಯಾಗುವ ಕೋಬಾಲ್ಟ್‌ನಂಥ ಅಯಾನುಗಳೂ ಈ ಕ್ರಿಯೆಗೆ ಇಂಬು ಕೊಡುತ್ತವೆ.

ಅದೇ ಕುಟುಂಬದ 55 ಶೋರ್ ಡಿ ದರ್ಜೆಯಲ್ಲಿ (ಶೋರ್ ಡಿ ಎಂಬುದು ಹೆಚ್ಚು ಗಟ್ಟಿ ವಸ್ತುಗಳ ಅಳತೆ, ಆದ್ದರಿಂದ ಇದು 80 ಶೋರ್ ಎಗಿಂತ ಗಡಸು) ಗಡಸು ಖಂಡದ ಪಾಲು ಹೆಚ್ಚು, ದಾಳಿಗೆ ಸಿಗುವ ಈಥರ್ ಕಡಿಮೆ. ಹಾಗಾಗಿ ಅದು ಬಹಳ ಚೆನ್ನಾಗಿ ಬಾಳಿತು, ತುಸು ಬಿರುಸು ಎಂಬುದನ್ನು ಬಿಟ್ಟರೆ. ಮುಂದೆ ಆಸ್ಟ್ರೇಲಿಯಾದಲ್ಲಿ ಸಿಲಿಕೋನನ್ನು ಮೃದು ಖಂಡಕ್ಕೆ ಸೇರಿಸಿದ ಪಾಲಿಯುರೆಥೇನುಗಳನ್ನು ರೂಪಿಸಿದರು. ಇವು ಮೆತ್ತಗೂ ಇದ್ದು ಉತ್ಕರ್ಷಣೆಯನ್ನೂ ತಡೆಯುವಂಥವು.

ನಿಮ್ಮ ತಂದೆಯವರನ್ನು ತಪಾಸಣೆಗೆ ಕರೆದೊಯ್ದಾಗಲೆಲ್ಲ ವೈದ್ಯರು ಹೊರಗಿನಿಂದಲೇ ಆ ತಂತಿಯ ವಿದ್ಯುತ್ ಪ್ರತಿರೋಧವನ್ನು ಅಳೆಯುತ್ತಾರೆ. ಹೊದಿಕೆ ಬಿರಿದು ವಿದ್ಯುತ್ ಸೋರಿದರೆ ಆ ಅಂಕಿ ಸಾಮಾನ್ಯವಾಗಿ ಇಳಿಯುತ್ತದೆ. ಹಿಂದಿನ ಸಲದ ಅಂಕಿ ಎಷ್ಟಿತ್ತು, ಈ ಸಲ ಎಷ್ಟಿದೆ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ, ತಪಾಸಣೆಯ ಪುಸ್ತಕದಲ್ಲಿ ಬರೆಸಿಕೊಳ್ಳಿ.